ಸೆಕೆಂಡ್ ಹ್ಯಾಂಡ್ ಮೈಲ್ಡ್ ಹೈಬ್ರಿಡ್ ಸಣ್ಣ ಕಾರು: ಎಷ್ಟು ನಂಬಬಹುದು, ಎಲ್ಲಿ ಕೈ ಕೊಡುತ್ತದೆ?

ಹೊಸಗೇರು:
ನಮಸ್ಕಾರ ಎಲ್ಲರಿಗೂ. ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೇನೆ. ಒಂದು ಸಣ್ಣ ಹ್ಯಾಚ್‌ಬ್ಯಾಕ್ ಮನಸ್ಸಿಗೆ ಹಿಡಿಸಿದೆ. 1.0 ಲೀಟರ್ ಟರ್ಬೊ ಪೆಟ್ರೋಲ್, 48 ವೋಲ್ಟ್ ಮೈಲ್ಡ್ ಹೈಬ್ರಿಡ್, ಮ್ಯಾನ್ಯುಯಲ್ ಗೇರ್. ಐದು ವರ್ಷ ಹಳೆಯದು, 70 ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಬಾಡಿ ಕ್ಲೀನಾಗಿದೆ, ಒಳಗೂ ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾರೆ.

ಹೈಬ್ರಿಡ್ ಅನ್ನೋ ಒಂದೇ ಕಾರಣಕ್ಕೆ ಮನಸ್ಸು ಹಿಂದೆ ಮುಂದೆ ನೋಡುತ್ತಿದೆ. "ಬ್ಯಾಟರಿ ಹೋದರೆ ಕಾರಿನ ಅರ್ಧ ದುಡ್ಡು ಅದಕ್ಕೇ ಸುರಿಯಬೇಕು" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಇದು ನಿಜವಾ? ಇನ್ನೊಂದು ವಿಷಯ. ಓಡಿಸಿ ನೋಡಿದಾಗ ಸ್ಟಾರ್ಟ್-ಸ್ಟಾಪ್ (ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಹೊರಡುವಾಗ ಮತ್ತೆ ಸ್ಟಾರ್ಟ್ ಆಗುವುದು) ಒಂದು ಸಲವೂ ಕೆಲಸ ಮಾಡಲಿಲ್ಲ. ಓನರನ್ನು ಕೇಳಿದೆ. "ಗಾಡಿ ಸುಮ್ನೆ ನಿಂತಿತ್ತು, ಬ್ಯಾಟರಿ ಚಾರ್ಜ್ ಆದಮೇಲೆ ಸರಿಹೋಗುತ್ತೆ" ಅಂದರು. ನಂಬಬಹುದಾ? ಇಂಥ ಗಾಡಿ ಇಟ್ಟುಕೊಂಡವರು, ರಿಪೇರಿ ಮಾಡುವವರು ದಯವಿಟ್ಟು ಹೇಳಿ.

ಸ್ಪ್ಯಾನರ್_14:
ಮೊದಲು ಆ ಹೆದರಿಕೆ ಬಿಡಿ ಸರ್. ಮನೆಯವರು ಹೇಳುತ್ತಿರುವುದು ಪ್ರಿಯಸ್‌ನಂಥ ಪೂರ್ತಿ ಹೈಬ್ರಿಡ್‌ನ ಕಥೆ. ಅದರ ಬ್ಯಾಟರಿ 200 ವೋಲ್ಟ್ ಆಸುಪಾಸಿನದು. ಎಂಜಿನ್ ಆಫ್ ಇದ್ದರೂ ಕಾರನ್ನು ಸ್ವಲ್ಪ ದೂರ ಎಳೆಯುತ್ತದೆ. ನೀವು ನೋಡಿರುವ ಕಾರಿನ ಲೆಕ್ಕವೇ ಬೇರೆ. ಅದರಲ್ಲಿ ಮೋಟಾರ್ ಎಂಜಿನ್ನಿಗೆ ಸಹಾಯ ಮಾತ್ರ ಮಾಡುತ್ತದೆ, ತಾನೊಂದೇ ಕಾರನ್ನು ಎಳೆಯಲ್ಲ.

ಸಾಮಾನ್ಯ ಕಾರಿನಲ್ಲಿ ಆಲ್ಟರ್ನೇಟರ್ ಇರುವ ಜಾಗದಲ್ಲಿ ಇದರಲ್ಲಿ ಸ್ಟಾರ್ಟರ್-ಜನರೇಟರ್ ಕೂತಿರುತ್ತದೆ. ನೋಡೋಕೆ ದೊಡ್ಡ ಆಲ್ಟರ್ನೇಟರ್ ಥರಾನೇ ಇರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ, ಬ್ರೇಕ್ ಹಾಕಿದಾಗ ಕರೆಂಟ್ ಮಾಡಿ ಬ್ಯಾಟರಿಗೆ ತುಂಬುತ್ತದೆ. ಪಿಕಪ್ ಬೇಕಾದಾಗ ಅದೇ ಕರೆಂಟ್ ತಗೊಂಡು ಮೋಟಾರ್ ಆಗಿ ತಿರುಗಿ, ಬೆಲ್ಟ್ ಮೂಲಕ ಎಂಜಿನ್ನಿಗೆ ಕೈ ಜೋಡಿಸುತ್ತದೆ. ಫೋರ್ಡ್ ಪ್ಯೂಮಾ, ಫಿಯೆಸ್ಟಾದ 1.0 ಲೀಟರ್ ಮೈಲ್ಡ್ ಹೈಬ್ರಿಡ್‌ನಲ್ಲಿ ಈ ಮೋಟಾರ್ 11.5 ಕಿಲೋವ್ಯಾಟ್‌ನದು. ಬ್ಯಾಟರಿ 48 ವೋಲ್ಟ್, 10 ಆಂಪಿಯರ್ ಅವರ್. ಅಂದರೆ ಪೂರ್ತಿ ತುಂಬಿದರೂ ಅರ್ಧ ಯೂನಿಟ್ ಕರೆಂಟ್ ಅಷ್ಟೇ. ಸುಜುಕಿಯ ಎಷ್ಟೋ ಸಣ್ಣ ಕಾರುಗಳಲ್ಲಿ, 2020ರ ಫಿಯಟ್ 500 ಮತ್ತು ಪಾಂಡಾ ಹೈಬ್ರಿಡ್‌ಗಳಲ್ಲಿ ಇನ್ನೂ ಸರಳ. ಅಲ್ಲಿ ಇರುವುದು ಬರೀ 12 ವೋಲ್ಟ್. ಫಿಯಟ್‌ನ ಮೋಟಾರ್ 3.6 ಕಿಲೋವ್ಯಾಟ್.

ನಮ್ಮ ಗ್ಯಾರೇಜಿಗೆ ಬರುವ ಮೈಲ್ಡ್ ಹೈಬ್ರಿಡ್‌ಗಳಲ್ಲಿ ಹೈಬ್ರಿಡ್ ಭಾಗ ಕೆಟ್ಟು ಬರುವುದು ಕಮ್ಮಿ. ಎಂಜಿನ್, ಕ್ಲಚ್, 12 ವೋಲ್ಟ್ ಬ್ಯಾಟರಿ, ಸೆನ್ಸರ್ ಅಂತ ಮಾಮೂಲಿ ತೊಂದರೆಗೆ ಬರುವುದೇ ಜಾಸ್ತಿ. ಹಾಗಾಗಿ ಹೈಬ್ರಿಡ್ ಅನ್ನೋ ಪದ ನೋಡಿ ಗಾಡಿ ಬಿಡಬೇಡಿ. ಆದರೆ ಅದೇ ಪದ ನೋಡಿ ಕೊಳ್ಳಲೂ ಬೇಡಿ. ಆ ಎಂಜಿನ್ ಯಾವುದು, ಅದನ್ನು ಹೇಗೆ ಸಾಕಿದ್ದಾರೆ ಅನ್ನೋದನ್ನು ನೋಡಿ.

ವೈರಿಂಗ್_ಮಾಸ್ಟರ್:
ಸ್ಟಾರ್ಟ್-ಸ್ಟಾಪ್ ಬಗ್ಗೆ ನಾನು ಹೇಳುತ್ತೇನೆ. ಓನರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ.

ಎಂಜಿನ್ ಇನ್ನೂ ತಣ್ಣಗಿದ್ದರೆ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡಲ್ಲ. ಎಸಿ ಜೋರಾಗಿದ್ದರೆ, ಹೊರಗೆ ತೀರಾ ಚಳಿ ಅಥವಾ ತೀರಾ ಸೆಕೆ ಇದ್ದರೆ, ಸೀಟ್ ಬೆಲ್ಟ್ ಹಾಕದಿದ್ದರೆ ಕೂಡ ಮಾಡಲ್ಲ. ಇವು ಯಾವೂ ತೊಂದರೆ ಅಲ್ಲ. ಆದರೆ ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿಯಾಗಿ, ಎಸಿ ಆಫ್ ಮಾಡಿದ ಮೇಲೂ ಒಂದು ಸಲವೂ ಎಂಜಿನ್ ನಿಲ್ಲದಿದ್ದರೆ ಮೊದಲ ಅನುಮಾನ 12 ವೋಲ್ಟ್ ಬ್ಯಾಟರಿ ಮೇಲೆ. 48 ವೋಲ್ಟ್‌ನದರ ಮೇಲೆ ಅಲ್ಲ.

48 ವೋಲ್ಟ್ ಗಾಡಿಯಲ್ಲೂ 12 ವೋಲ್ಟ್ ಬ್ಯಾಟರಿ ಇದ್ದೇ ಇರುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಲೈಟು, ಲಾಕು, ಕಂಪ್ಯೂಟರ್‌ಗಳು ಎಲ್ಲಾ ಅದರಿಂದಲೇ ಓಡುವುದು. ಬೆಳಗ್ಗೆ ತಣ್ಣಗಿರುವ ಎಂಜಿನ್ ತಿರುಗಿಸುವುದು ಕೂಡ ಎಷ್ಟೋ ಕಾರುಗಳಲ್ಲಿ ಹಳೇ ಥರದ 12 ವೋಲ್ಟ್ ಸ್ಟಾರ್ಟರ್ ಮೋಟಾರೇ. ಬಿಸಿ ಎಂಜಿನ್ನನ್ನು ಸಿಗ್ನಲ್‌ನಲ್ಲಿ ಮತ್ತೆ ಎಬ್ಬಿಸುವ ಕೆಲಸ ಮಾತ್ರ ಬೆಲ್ಟ್ ಮೋಟಾರಿನದು, ಅಂದರೆ ಆ ಸ್ಟಾರ್ಟರ್-ಜನರೇಟರ್‌ನದು. 12 ವೋಲ್ಟ್ ಸೋತರೆ ಕಂಪ್ಯೂಟರ್‌ಗಳು ಒಂದರ ಮೇಲೊಂದು ದೂರು ಹೇಳುತ್ತವೆ, ಸ್ಕ್ರೀನ್ ಮೇಲೆ "ಹೈಬ್ರಿಡ್ ಸಿಸ್ಟಂ ತಪಾಸಣೆ ಮಾಡಿಸಿ" ಅಂತ ಬರುತ್ತದೆ. ಓನರ್ ಗಾಬರಿಯಾಗಿ ದೊಡ್ಡ ಬ್ಯಾಟರಿ ಹೋಯ್ತು ಅಂದುಕೊಳ್ಳುತ್ತಾರೆ.

ಒಂದು ಮಲ್ಟಿಮೀಟರ್ ಇದ್ದರೆ ಸಾಕು. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ, ಬಾಗಿಲು ತೆಗೆದು ಲೈಟೆಲ್ಲಾ ಆರುವವರೆಗೆ ಕಾದು ಅಳೆಯಿರಿ. ಚೆನ್ನಾಗಿ ಚಾರ್ಜ್ ಆಗಿರುವ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ ಥರದ್ದು) 12.8 ವೋಲ್ಟ್ ಹತ್ತಿರ ತೋರಿಸುತ್ತದೆ. 12.4ಕ್ಕಿಂತ ಕೆಳಗಿದ್ದರೆ ಒಂದೋ ಚಾರ್ಜ್ ಕಮ್ಮಿ, ಇಲ್ಲಾ ಬ್ಯಾಟರಿಗೆ ವಯಸ್ಸಾಗಿದೆ. ಆಮೇಲೆ ಚಾರ್ಜರ್ ಹಾಕಿ ತುಂಬಿಸಿ, ಲೋಡ್ ಟೆಸ್ಟ್ (ಜೋರಾಗಿ ಕರೆಂಟ್ ಎಳೆದಾಗ ವೋಲ್ಟೇಜ್ ನಿಲ್ಲುತ್ತಾ ಅನ್ನೋ ಪರೀಕ್ಷೆ) ಮಾಡಿಸಿ. ಲೋಡ್ ಟೆಸ್ಟ್‌ನಲ್ಲಿ ಬಿದ್ದರೆ ಬ್ಯಾಟರಿ ಬದಲಾಯಿಸಬೇಕು, ಅಷ್ಟೇ.

ಹೊಸಗೇರು:
ತುಂಬಾ ಉಪಯೋಗ ಆಯ್ತು ಇಬ್ಬರಿಂದಲೂ. ಹಾಗಾದರೆ ಯಾವ 12 ವೋಲ್ಟ್ ಬ್ಯಾಟರಿ ಹಾಕಿದರೂ ನಡೆಯುತ್ತಾ?

ವೈರಿಂಗ್_ಮಾಸ್ಟರ್:
ಇಲ್ಲ, ಇಲ್ಲೇ ಜನ ಎಡವುವುದು. ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಎಜಿಎಂ ಅಥವಾ ಇಎಫ್‌ಬಿ (ಪದೇ ಪದೇ ಸ್ಟಾರ್ಟ್ ಆಗುವುದನ್ನು ತಡೆಯುವ ಹಾಗೆ ಗಟ್ಟಿ ಮಾಡಿದ ಮಾಮೂಲಿ ಬ್ಯಾಟರಿ) ಥರದ ಬ್ಯಾಟರಿ ಬೇಕು. ಕಂಪನಿ ಯಾವುದನ್ನು ಹಾಕಿತ್ತೋ ಅದನ್ನೇ ಹಾಕಿ. ಮಾಮೂಲಿ ಬ್ಯಾಟರಿ ಹಾಕಿದರೆ ಮೊದಲು ಎಲ್ಲಾ ಸರಿ ಇದೆ ಅನ್ನಿಸುತ್ತದೆ, ಬೇಗ ಸಾಯುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನು ಸ್ಕ್ಯಾನರ್‌ನಿಂದ ಕಾರಿಗೆ ತಿಳಿಸಬೇಕು. ತಿಳಿಸದಿದ್ದರೆ ಹಳೇ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡುತ್ತಿರುತ್ತದೆ.

ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸಣ್ಣ ಡಬ್ಬಿ ಕಾಣುತ್ತದೆ, ಅದಕ್ಕೊಂದು ತೆಳು ವೈರ್. ಅದು ಬ್ಯಾಟರಿ ಸೆನ್ಸರ್. ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಎರಡನ್ನೂ ಅದು ಲೆಕ್ಕ ಇಡುತ್ತದೆ. ಚಾರ್ಜರ್ ಹಾಕುವಾಗ, ಜಂಪ್ ಸ್ಟಾರ್ಟ್ ಮಾಡುವಾಗ ಕಪ್ಪು ಕ್ಲಿಪ್ಪನ್ನು ಆ ಟರ್ಮಿನಲ್‌ಗೇ ಕಚ್ಚಿಸಬೇಡಿ. ಬಾಡಿಯ ಅರ್ತ್ ಪಾಯಿಂಟ್‌ಗೆ ಹಾಕಿ. ನೇರ ಟರ್ಮಿನಲ್‌ಗೆ ಹಾಕಿದರೆ ಕರೆಂಟ್ ಸೆನ್ಸರನ್ನು ದಾಟದೇ ಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಕಾರಿಗೆ ಅದು ಗೊತ್ತಾಗಲ್ಲ, ಸ್ಟಾರ್ಟ್-ಸ್ಟಾಪ್ ಕೆಲಸ ಮಾಡಲ್ಲ.

ಕೆಂಪು_ಡಿಕ್ಕಿ:
ಹೆದರಬೇಡಿ ಅನ್ನೋದು ಸುಲಭ, ಅನುಭವಿಸಿದವರಿಗೆ ಗೊತ್ತು. ನನ್ನ 48 ವೋಲ್ಟ್ ಕಾರಿನ ದೊಡ್ಡ ಬ್ಯಾಟರಿ ನಿಜವಾಗಿಯೂ ಹೋಯ್ತು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಹೋಗಿದ್ದೆವು. ವಾಪಸ್ ಬಂದು 12 ವೋಲ್ಟ್ ಚಾರ್ಜ್ ಮಾಡಿ ಸ್ಟಾರ್ಟ್ ಮಾಡಿದರೆ ಎಂಜಿನ್ ಏನೋ ತಿರುಗಿತು, ಆದರೆ ಬ್ಯಾಟರಿ ದೀಪ ಆರಲೇ ಇಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಟೇರಿಂಗ್ ಗಟ್ಟಿಯಾಯ್ತು, ಸ್ಕ್ರೀನ್ ಕತ್ತಲಾಯ್ತು, ರಸ್ತೆ ಮಧ್ಯೆ ನಿಂತುಬಿಟ್ಟಿತು.

ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಒಳಗೆ ರಿಪೇರಿ ಇಲ್ಲ, ಇಡೀ ಪ್ಯಾಕ್ ಬದಲಾಯಿಸಬೇಕು ಅಂದರು. ಬಿಡಿ ಸೆಲ್ ಕೊಡುವುದಿಲ್ಲವಂತೆ. ಪ್ಯಾಕ್ ಬರುವುದಕ್ಕೆ ವಾರಗಟ್ಟಲೆ ಕಾದೆವು. ವಾರಂಟಿ ಕೇಳಿದರೆ ಇದು ಮೈಲ್ಡ್ ಹೈಬ್ರಿಡ್, ದೊಡ್ಡ ಹೈಬ್ರಿಡ್ ಬ್ಯಾಟರಿಗೆ ಕೊಡುವ ಹೆಚ್ಚುವರಿ ವರ್ಷಗಳು ಇದಕ್ಕೆ ಬರಲ್ಲ ಅಂದರು. ಮಾರುವಾಗ ಮಾತ್ರ ದೊಡ್ಡದಾಗಿ ಹೈಬ್ರಿಡ್ ಅಂತ ಬರೆದಿರುತ್ತಾರೆ. ಹೊಸಗೇರು ಅವರೇ, ನಿಮಗೆ ನನ್ನ ಮಾತು ಇಷ್ಟೇ: ವಾರಂಟಿ ಪುಸ್ತಕ ತೆಗೆದು ಆ ಒಂದು ಪುಟ ಓದದೆ ಅಡ್ವಾನ್ಸ್ ಕೊಡಬೇಡಿ.

ಸ್ಪ್ಯಾನರ್_14:
ಕೆಂಪು ಡಿಕ್ಕಿ ಅವರ ಸಿಟ್ಟು ನ್ಯಾಯವಾದದ್ದೇ. ಕಾರು ಯಾಕೆ ಹಾಗೆ ನಿಂತಿತು ಅಂತ ಎಲ್ಲರಿಗೂ ಗೊತ್ತಾಗಲಿ, ಬಿಡಿಸಿ ಹೇಳುತ್ತೇನೆ.

48 ವೋಲ್ಟ್ ಕಾರಿನಲ್ಲಿ ಬೇರೆ ಆಲ್ಟರ್ನೇಟರ್ ಇರಲ್ಲ. ಬೆಲ್ಟ್ ಮೋಟಾರ್ ಮಾಡುವುದು 48 ವೋಲ್ಟ್ ಕರೆಂಟ್. ಅದನ್ನು 12ಕ್ಕೆ ಇಳಿಸಿ ಸಣ್ಣ ಬ್ಯಾಟರಿಗೆ ಕೊಡುವುದು ಡಿಸಿ-ಡಿಸಿ ಕನ್ವರ್ಟರ್ ಅನ್ನೋ ಪೆಟ್ಟಿಗೆ. ಪ್ಯಾಕ್, ಕನ್ವರ್ಟರ್, ಮೋಟಾರ್, ಈ ಮೂರರಲ್ಲಿ ಒಂದು ಕೈ ಎತ್ತಿದರೂ 12 ವೋಲ್ಟ್‌ಗೆ ಚಾರ್ಜ್ ಹೋಗುವುದು ನಿಲ್ಲಬಹುದು. ಆಮೇಲೆ ಸಣ್ಣ ಬ್ಯಾಟರಿಯಲ್ಲಿ ಉಳಿದಿರುವಷ್ಟು ಹೊತ್ತು ಗಾಡಿ ಓಡುತ್ತದೆ, ನಿಲ್ಲುತ್ತದೆ. ಅದಕ್ಕೇ ಕೆಂಪು ಬ್ಯಾಟರಿ ದೀಪ ಬಂದರೆ ಮನೆವರೆಗೂ ಹೋಗಿಬಿಡೋಣ ಅನ್ನಬೇಡಿ. ಸುರಕ್ಷಿತವಾದ ಜಾಗ ನೋಡಿ ನಿಲ್ಲಿಸಿ. ಕನ್ವರ್ಟರ್ ಕೆಟ್ಟಾಗಲೂ ಇದೇ ಲಕ್ಷಣ ಬರುತ್ತದೆ. ಸರಿಯಾಗಿ ನೋಡದೆ ಪ್ಯಾಕ್ ಹೋಗಿದೆ ಅಂತ ಹೇಳಿಬಿಡುವವರೂ ಇದ್ದಾರೆ. ಫಾಲ್ಟ್ ಕೋಡ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಗುರುತು, ಅದರ ಪ್ರಿಂಟ್ ಕೇಳಿ ತಗೊಳ್ಳಿ.

ಲಿಥಿಯಂ ಸೆಲ್ ತೀರಾ ಖಾಲಿಯಾಗಿ ಬಹಳ ದಿನ ಇದ್ದರೆ ಒಳಗಿನ ಕಂಟ್ರೋಲರ್ ಪ್ಯಾಕನ್ನೇ ಲಾಕ್ ಮಾಡುತ್ತದೆ. ಅದು ಸುರಕ್ಷತೆಗೆ ಮಾಡಿರುವ ವ್ಯವಸ್ಥೆ. ಖಾಲಿ ಬಿದ್ದ ಸೆಲ್‌ಗೆ ಬಲವಂತವಾಗಿ ಚಾರ್ಜ್ ತುಂಬಿದರೆ ಬೆಂಕಿ ಹತ್ತುವ ಅಪಾಯ ಇದೆ. ಯಾರಾದರೂ ಲಾಕ್ ತೆಗೆದುಕೊಡುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ.

ಪ್ಯಾಕ್ ಕೆಡುವುದಕ್ಕೆ ನಾನು ಕಂಡಿರುವ ಇನ್ನೊಂದು ಕಾರಣ ನೀರು. ಎಷ್ಟೋ ಸಣ್ಣ ಕಾರುಗಳಲ್ಲಿ ಈ ಬ್ಯಾಟರಿ ಮುಂದಿನ ಸೀಟಿನ ಕೆಳಗೆ, ಇಲ್ಲಾ ಡಿಕ್ಕಿಯ ನೆಲದ ಕೆಳಗೆ ಇರುತ್ತದೆ. ಗಾಡಿಯೊಳಗೆ ಒಂದು ಸಲ ನೀರು ನುಗ್ಗಿದರೆ ಮೊದಲು ತೊಯ್ಯುವುದು ಆ ಜಾಗವೇ. ಹೊರಗಿನ ಗಾಳಿ ಇಲ್ಲ ಅನ್ನೋ ಕಾರಣಕ್ಕೆ ಕಾರಿನ ಒಳಗಿನ ಗಾಳಿಯಿಂದಲೇ ತಂಪಾಗುವ ಪ್ಯಾಕ್‌ಗಳಿವೆ. ಆ ಗಾಳಿ ಕಿಂಡಿಗೆ ಮ್ಯಾಟ್, ಚೀಲ, ಧೂಳು ಅಡ್ಡ ಬಂದರೆ ಪ್ಯಾಕ್ ಬಿಸಿಯಾಗುತ್ತದೆ, ಆಯಸ್ಸು ಕಮ್ಮಿಯಾಗುತ್ತದೆ.

ಆಯಿಲ್_ಕಡ್ಡಿ:
ಎಲ್ಲರೂ ಕರೆಂಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ದುಡ್ಡು ನುಂಗುವುದು ಎಂಜಿನ್ ಆಯಿಲ್ ಒಳಗಿದೆ. ವೆಟ್ ಬೆಲ್ಟ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಸಾಮಾನ್ಯವಾಗಿ ಒಣಗಿದ ಜಾಗದಲ್ಲಿ ಇರುತ್ತದೆ. ಕೆಲವು ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಅದನ್ನು ಆಯಿಲ್ ಒಳಗೇ ಓಡುವ ಹಾಗೆ ಮಾಡಿದರು. ಸದ್ದು ಕಮ್ಮಿ, ಘರ್ಷಣೆ ಕಮ್ಮಿ ಅನ್ನೋ ಲೆಕ್ಕ. 2012ರಲ್ಲಿ ಬಂದ ಫೋರ್ಡ್‌ನ 1.0 ಇಕೋಬೂಸ್ಟ್ ಹಾಗೇ ಇತ್ತು. ಪೆಜೋ, ಸಿಟ್ರೋಯೆನ್‌ಗಳ 1.2 ಪ್ಯೂರ್‌ಟೆಕ್ ಕೂಡ ಹಾಗೇ. ಆಯಿಲ್ ಸರಿಯಾದದ್ದಲ್ಲದಿದ್ದರೆ, ಬದಲಾಯಿಸುವುದು ತಡವಾದರೆ, ಪದೇ ಪದೇ ತಣ್ಣನೆ ಎಂಜಿನ್‌ನಲ್ಲಿ ಸಣ್ಣ ಸಣ್ಣ ದೂರ ಓಡಿಸಿ ಆಯಿಲ್‌ಗೆ ಪೆಟ್ರೋಲ್ ಬೆರೆತರೆ ಬೆಲ್ಟ್ ಊದುತ್ತದೆ, ಬಿರಿಯುತ್ತದೆ, ರಬ್ಬರ್ ಚೂರು ಚೂರಾಗಿ ಉದುರುತ್ತದೆ. ಆ ಚೂರು ಎಂಜಿನ್ ಕೆಳಗಿನ ಆಯಿಲ್ ಸಂಪ್ ತಳದಲ್ಲಿ ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಪ್ರೆಶರ್ ಬೀಳುತ್ತದೆ. ಬೆಲ್ಟ್ ತುಂಡಾಗುವ ಮೊದಲೇ ಎಂಜಿನ್ ಹಾಳಾಗಿರುತ್ತದೆ. ಪ್ಯೂರ್‌ಟೆಕ್‌ನಲ್ಲಿ ಆ ಚೂರುಗಳು ಬ್ರೇಕಿನ ವ್ಯಾಕ್ಯೂಮ್ ಪಂಪ್‌ವರೆಗೂ ಹೋಗಿ ಬ್ರೇಕ್ ಪೆಡಲ್ ಗಟ್ಟಿಯಾಗುವ ತೊಂದರೆ ಬಂದು ರಿಕಾಲ್ ಆಗಿತ್ತು, ಅಂದರೆ ಕಂಪನಿಯೇ ಕಾರುಗಳನ್ನು ವಾಪಸ್ ಕರೆಸಿತ್ತು.

ಈಗ ಮೈಲ್ಡ್ ಹೈಬ್ರಿಡ್ ವಿಷಯಕ್ಕೆ ಬರೋಣ. ಫೋರ್ಡ್ 1.0 ಮೈಲ್ಡ್ ಹೈಬ್ರಿಡ್ ಬರುವ ಹೊತ್ತಿಗೆ ಟೈಮಿಂಗ್‌ಗೆ ಚೈನ್ ಹಾಕಿದ್ದರು. ಅಷ್ಟು ಕೇಳಿ ಮಾರುವವರು "ಬೆಲ್ಟ್ ತೊಂದರೆಯೇ ಇಲ್ಲ" ಅಂತಾರೆ. ಆದರೆ ಆಯಿಲ್ ಪಂಪ್ ತಿರುಗಿಸುವ ಬೆಲ್ಟ್ ಒಳಗೇ ಉಳಿದಿದೆ, ಅದೂ ಆಯಿಲ್‌ನಲ್ಲೇ ಓಡುತ್ತದೆ. ಅದು ಕಿತ್ತುಹೋದರೆ ಆಯಿಲ್ ಪ್ರೆಶರ್ ಸೊನ್ನೆ. ಪ್ಯೂರ್‌ಟೆಕ್‌ನ 48 ವೋಲ್ಟ್ ಹೈಬ್ರಿಡ್ ರೂಪದಲ್ಲಿ ಟೈಮಿಂಗ್‌ಗೆ ಚೈನ್ ಬಂದಿದೆ. ಹಾಗಾಗಿ ಹೊಸಗೇರು ಅವರೇ, ಎಂಜಿನ್ ಯಾವ ಮಾದರಿ ಅಂತ ಹೇಳುವ ಎಂಜಿನ್ ಕೋಡ್ ಬರೆದುಕೊಳ್ಳಿ. ಅದರಲ್ಲಿ ಬೆಲ್ಟ್ ಎಲ್ಲೆಲ್ಲಿ ಇದೆ, ಯಾವಾಗ ಬದಲಾಯಿಸಬೇಕು ಅಂತ ತಿಳಿದುಕೊಳ್ಳಿ.

ಆಯಿಲ್ ಬಿಲ್ ನೋಡುವಾಗ 5ಡಬ್ಲ್ಯೂ-20, 0ಡಬ್ಲ್ಯೂ-20 ಅನ್ನೋ ಗ್ರೇಡ್ ನೋಡಿ ಸುಮ್ಮನಾಗಬೇಡಿ. ಕಾರು ಕಂಪನಿಯ ಸ್ಪೆಸಿಫಿಕೇಷನ್ ಕೋಡ್ ಅಂತ ಒಂದು ಇರುತ್ತದೆ, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಬಿಲ್‌ನಲ್ಲಿರುವ ಆಯಿಲ್ ಆ ಕೋಡ್‌ಗೆ ಒಪ್ಪುತ್ತಾ ನೋಡಿ. ಒಂದೇ ಗ್ರೇಡ್‌ನ ಎರಡು ಆಯಿಲ್‌ಗಳಲ್ಲಿ ಒಂದು ಆ ರಬ್ಬರ್‌ಗೆ ಒಗ್ಗುತ್ತದೆ, ಇನ್ನೊಂದು ಒಗ್ಗಲ್ಲ.

ಸ್ಪ್ಯಾನರ್_14:
ಆಯಿಲ್ ಕಡ್ಡಿ ಅಣ್ಣನ ಮಾತಿಗೆ ನನ್ನ ಸಹಿಯೂ ಇದೆ. ಒಂದು ಸೇರಿಸುತ್ತೇನೆ. ಬೆಲ್ಟ್ ಇರುವ ಪ್ಯೂರ್‌ಟೆಕ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಬೆಲ್ಟ್ ಕಾಣುತ್ತದೆ. ಅದರ ಅಗಲ ಅಳೆಯುವುದಕ್ಕೆಂದೇ ಒಂದು ಗೇಜ್ ಇದೆ, ಅಲ್ಲಿಂದಲೇ ಒಳಗೆ ಬಿಟ್ಟು ನೋಡುತ್ತಾರೆ. ಬೆಲ್ಟ್ ಊದಿದ್ದರೆ ಗೇಜ್ ಕೂರುವುದಿಲ್ಲ. ಎಲ್ಲಾ ಎಂಜಿನ್‌ನಲ್ಲೂ ಹೀಗೆ ಕಾಣಲ್ಲ. ಆಯಿಲ್ ಪಂಪ್ ಬೆಲ್ಟ್ ಕೆಳಗೆ ಇರುತ್ತದೆ, ಬಿಚ್ಚದೆ ಸರಿಯಾಗಿ ನೋಡೋಕಾಗಲ್ಲ. ಅಂಥ ಕಡೆ ಸರ್ವಿಸ್ ರೆಕಾರ್ಡೇ ನಮ್ಮ ಕಣ್ಣು.

ಮೂರು_ಸಿಲಿಂಡರ್:
ನಾನು ಇಂಥ ಕಾರನ್ನು ದಿನಾ ಓಡಿಸುತ್ತೇನೆ, ದೂರು ಕಮ್ಮಿ. ಸಿಗ್ನಲ್‌ನಲ್ಲಿ ಎಂಜಿನ್ ನಿಂತು ಮತ್ತೆ ಎದ್ದಿದ್ದು ಗೊತ್ತೇ ಆಗಲ್ಲ. ಹಳೇ ಸ್ಟಾರ್ಟ್-ಸ್ಟಾಪ್ ಕಾರಿನ ಆ ಗಡಗಡ ಇಲ್ಲ. ಟರ್ಬೊ ಎಚ್ಚರ ಆಗುವವರೆಗೆ ಮೋಟಾರ್ ಸ್ವಲ್ಪ ತಳ್ಳುತ್ತದೆ, ಎರಡನೇ ಗೇರಿನಲ್ಲಿ ಏರು ಹತ್ತುವಾಗ ಚೆನ್ನಾಗಿ ಗೊತ್ತಾಗುತ್ತದೆ.

ಮೈಲೇಜ್ ಬಗ್ಗೆ ಮಾತ್ರ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಫೋಕ್ಸ್‌ವ್ಯಾಗನ್ ತನ್ನ ಮೈಲ್ಡ್ ಹೈಬ್ರಿಡ್ ಗಾಲ್ಫ್ ಇಟಿಎಸ್‌ಐಗೆ ಹೇಳಿಕೊಂಡ ಉಳಿತಾಯವೇ 100 ಕಿಲೋಮೀಟರಿಗೆ ಹೆಚ್ಚೆಂದರೆ 0.4 ಲೀಟರ್. ಅದೂ ಊರೊಳಗೆ ನಿಂತು ನಿಂತು ಹೋಗುವಾಗ ಸಿಗುವಂಥದ್ದು. ಹೈವೇನಲ್ಲಿ ಒಂದೇ ವೇಗದಲ್ಲಿ ಹೋದರೆ ಬ್ರೇಕ್ ಹಾಕುವುದೇ ಇಲ್ಲ, ಬ್ಯಾಟರಿಗೆ ತುಂಬುವುದು ಎಲ್ಲಿಂದ? ಹೈಬ್ರಿಡ್ ಇಲ್ಲದ ಅದೇ ಕಾರು ಒಳ್ಳೇ ಸರ್ವಿಸ್ ರೆಕಾರ್ಡ್ ಜೊತೆ ಸಿಕ್ಕರೆ ಅದನ್ನೂ ನೋಡಿ ಅಂತ ನಾನು ಹೇಳುತ್ತೇನೆ.

ನನಗೆ ಬಂದ ತೊಂದರೆ ಒಂದೇ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹಕ್ಕಿ ಚಿಲಿಪಿಲಿ ಅಂದ ಹಾಗೆ ಸದ್ದು ಬರುತ್ತಿತ್ತು. ಮೋಟಾರಿನ ಹೊರಗಿನ ಬೆಲ್ಟ್, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎರಡೂ ಬದಲಾಯಿಸಿದ ಮೇಲೆ ಹೋಯ್ತು.

ಸ್ಪ್ಯಾನರ್_14:
ಅಕ್ಕಾ, ನೀವು ಹೇಳಿದ್ದು ಈ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ. ಕಾರಣ ಕೇಳಿ. ಮಾಮೂಲಿ ಕಾರಿನಲ್ಲಿ ಬಾನೆಟ್ ಕೆಳಗಿನ ಬೆಲ್ಟನ್ನು ಯಾವಾಗಲೂ ಎಂಜಿನ್ನೇ ಎಳೆಯುತ್ತದೆ. ಅದರ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ, ಅದು ಬದಲಾಗಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಚಾರ್ಜ್ ಆಗುವಾಗ ಎಂಜಿನ್ ಬೆಲ್ಟನ್ನು ಎಳೆಯುತ್ತದೆ, ಪಿಕಪ್ ಕೊಡುವಾಗ ಮೋಟಾರ್ ಎಳೆಯುತ್ತದೆ. ಬಿಗಿ ಇದ್ದ ಕಡೆ ಸಡಿಲ ಆಗುತ್ತದೆ, ಸಡಿಲ ಇದ್ದ ಕಡೆ ಬಿಗಿ ಆಗುತ್ತದೆ. ದಿನಕ್ಕೆ ಎಷ್ಟೋ ಸಲ ಹೀಗೆ ಅದಲು ಬದಲಾಗುತ್ತದೆ. ಅದಕ್ಕೇ ಟೆನ್ಷನರ್‌ಗೆ ಎರಡು ತೋಳು ಇರುತ್ತವೆ, ಬೆಲ್ಟ್ ಕೂಡ ಗಟ್ಟಿಯದು. ಸದ್ದು ಬಂದರೆ ಬರೀ ಬೆಲ್ಟ್ ಹಾಕಿ ಕಳಿಸುವವರಿದ್ದಾರೆ. ತೋಳಿನ ಸ್ಪ್ರಿಂಗ್ ಸೋತಿದ್ದರೆ ಹೊಸ ಬೆಲ್ಟ್ ಕೂಡ ಜಾರುತ್ತದೆ. ಎರಡನ್ನೂ ಒಟ್ಟಿಗೆ ನೋಡಿಸಿ. ಮಾಮೂಲಿ ಕಾರಿನ ಬೆಲ್ಟ್ ಅಳತೆಗೆ ಸರಿಹೋಗುತ್ತದೆ ಅಂತ ಅದನ್ನೇ ಹಾಕಿಸಿಕೊಳ್ಳಲೂ ಬೇಡಿ.

ಆಯಿಲ್_ಕಡ್ಡಿ:
ಗೇರ್‌ಬಾಕ್ಸ್ ಬಗ್ಗೆಯೂ ಒಂದು ಮಾತು, ಬೇರೆ ಮಾಡೆಲ್ ನೋಡುತ್ತಿರುವವರಿಗೆ ಆಗಬಹುದು. ಫೋಕ್ಸ್‌ವ್ಯಾಗನ್ ಗುಂಪಿನ 1.0, 1.5 ಇಟಿಎಸ್‌ಐ ಜೊತೆ ಸಾಮಾನ್ಯವಾಗಿ ಬರುವುದು ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಟ್ರಾಫಿಕ್‌ನಲ್ಲಿ ತೆವಳುವಾಗ ನಡುಗುತ್ತಾ, ರಿವರ್ಸ್‌ನಲ್ಲಿ ಏರು ಹತ್ತಿಸುವಾಗ ಜರ್ಕ್ ಹೊಡೆಯುತ್ತಾ ನೋಡಿ. ಆ ಕ್ಲಚ್ ಸೆಟ್‌ನ ಖರ್ಚು ಸಣ್ಣದಲ್ಲ. ಹ್ಯುಂಡೈ ಐ20, ಕಿಯಾಗಳ 48 ವೋಲ್ಟ್ ಕಾರುಗಳಲ್ಲಿ ಐಎಂಟಿ ಅಂತ ಒಂದು ಮ್ಯಾನ್ಯುಯಲ್ ಗೇರ್‌ಬಾಕ್ಸ್ ಇದೆ. ಕ್ಲಚ್ ಪೆಡಲ್ ಇರುತ್ತದೆ, ಆದರೆ ಪೆಡಲ್‌ನಿಂದ ಕ್ಲಚ್‌ಗೆ ಹೋಗುವುದು ವೈರ್ ಸಂದೇಶ ಮಾತ್ರ. ಅದೇ ಹೆಸರಿನಲ್ಲಿ ಕ್ಲಚ್ ಪೆಡಲ್ಲೇ ಇಲ್ಲದ ಗಾಡಿಯೂ ಬಂದಿದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಪೆಜೋ, ಸಿಟ್ರೋಯೆನ್‌ಗಳ ಒಡೆತನದ ಸ್ಟೆಲ್ಲಾಂಟಿಸ್ ಕಂಪನಿಯ ಹೊಸ 48 ವೋಲ್ಟ್ ಕಾರುಗಳಲ್ಲಿ 21 ಕಿಲೋವ್ಯಾಟ್ ಮೋಟಾರ್ ಗೇರ್‌ಬಾಕ್ಸ್ ಒಳಗೇ ಇದೆ, ಅದು ನಿಧಾನದಲ್ಲಿ ಸ್ವಲ್ಪ ದೂರ ಕರೆಂಟಿನಲ್ಲೇ ಹೋಗುತ್ತದೆ. ಇಲ್ಲಿ ಬೆಲ್ಟ್ ಮೋಟಾರ್ ಬಗ್ಗೆ ಹೇಳಿದ್ದು ಅದಕ್ಕೆ ಪೂರ್ತಿ ಅನ್ವಯಿಸಲ್ಲ.

ಹೊಸಗೇರು:
ಸರ್, ನನ್ನ ಕಾರಿಗೆ ಬರೋಣ. ಇನ್ನೊಂದು ಸಲ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಬೇಕು, ಯಾವ ಕ್ರಮದಲ್ಲಿ?

ಸ್ಪ್ಯಾನರ್_14:
ಗಾಡಿಯನ್ನು ಮುಟ್ಟಬೇಡಿ, ನಾನೇ ಬಂದು ಸ್ಟಾರ್ಟ್ ಮಾಡುತ್ತೇನೆ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಈ ಕಾರಿನ ಅರ್ಧ ತೊಂದರೆ ಗೊತ್ತಾಗುವುದು ತಣ್ಣನೆ ಸ್ಟಾರ್ಟ್‌ನಲ್ಲೇ. ಬಾನೆಟ್ ತೆಗೆದಿಟ್ಟು ಬೇರೆಯವರ ಕೈಯಲ್ಲಿ ಸ್ಟಾರ್ಟ್ ಮಾಡಿಸಿ, ನೀವು ಬೆಲ್ಟ್ ಕಡೆ ಕಿವಿಗೊಟ್ಟು ನಿಲ್ಲಿ. ಕೀಚಲು ಸದ್ದು, ಟೆನ್ಷನರ್ ತೋಳು ಕುಣಿಯುವುದು, ಚೈನ್ ಗಲಗಲ ಅನ್ನುವುದು, ಎಲ್ಲಾ ಮೊದಲ ಕೆಲವು ಸೆಕೆಂಡಿನಲ್ಲೇ ಕೇಳಿಸುತ್ತದೆ. ಆಯಿಲ್ ಪ್ರೆಶರ್ ದೀಪ ಆರುವುದು ತಡವಾದರೆ ಅಲ್ಲಿಗೇ ಕೈ ಮುಗಿದು ಬನ್ನಿ.

ಆಮೇಲೆ ಸೀಟಿನ ಕೆಳಗೆ, ಡಿಕ್ಕಿಯ ನೆಲದ ಕೆಳಗೆ ಟಾರ್ಚ್ ಹಾಕಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೀಟ್ ಹಳಿಯ ಬೋಲ್ಟ್‌ಗಳಿಗೆ ತುಕ್ಕು, ಮೂಲೆಯಲ್ಲಿ ಒಣಗಿದ ಕೆಸರಿನ ಗೆರೆ, ಕನೆಕ್ಟರ್ ಮೇಲೆ ಹಸಿರು ಪುಡಿ ಕಂಡರೆ ಒಳಗೆ ನೀರು ಬಂದಿದೆ. ಅಂಥ ಗಾಡಿಯನ್ನು ಎಷ್ಟು ಕಮ್ಮಿಗೆ ಕೊಟ್ಟರೂ ತಗೋಬೇಡಿ. 48 ವೋಲ್ಟ್ ಪೆಟ್ಟಿಗೆಯನ್ನು ನೀವೇ ಬಿಚ್ಚಲು ಹೋಗಬೇಡಿ. ಶಾಕ್ ಹೊಡೆಯುವ ವೋಲ್ಟೇಜ್ ಅಲ್ಲ ಅದು, 60 ವೋಲ್ಟ್ ಒಳಗೇ ಇಟ್ಟಿರುವುದು ಅದಕ್ಕೇ. ಆದರೆ ಸ್ಪ್ಯಾನರ್ ತಾಗಿ ಶಾರ್ಟ್ ಆದರೆ ಕೈ ಸುಡುವಷ್ಟು ಕರೆಂಟ್ ಅದರಲ್ಲಿದೆ.

ಓಡಿಸುವಾಗ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಡಿ. ಹಿಂದಕ್ಕೆ ಮೆಲ್ಲಗೆ ಎಳೆದ ಹಾಗೆ ಆಗಬೇಕು, ಸ್ಕ್ರೀನ್‌ನಲ್ಲಿ ಚಾರ್ಜ್ ಏರುವುದು ಕಾಣಬೇಕು. ಆಮೇಲೆ ಜೋರಾಗಿ ಪಿಕಪ್ ಕೊಡಿ, ಆ ಚಾರ್ಜ್ ಇಳಿಯಬೇಕು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಅಂದರೆ ಸಿಸ್ಟಂ ಮಲಗಿದೆ. ಪ್ಯಾಕ್ ತುಂಬಾ ತಣ್ಣಗಿದ್ದರೆ ಮೊದಲಲ್ಲಿ ಚಾರ್ಜ್ ತಗೊಳ್ಳುವುದು ಕಮ್ಮಿ, ಸ್ವಲ್ಪ ಹೊತ್ತು ಕೊಡಿ.

ಕೊನೆಗೆ ಸ್ಕ್ಯಾನರ್. ಎಂಜಿನ್ನಿನ ಫಾಲ್ಟ್ ಕೋಡ್ ಮಾತ್ರ ಓದುವ ಸಣ್ಣ ಡಾಂಗಲ್ ಸಾಲದು. 48 ವೋಲ್ಟ್ ಬ್ಯಾಟರಿ, ಕನ್ವರ್ಟರ್, ಸ್ಟಾರ್ಟರ್-ಜನರೇಟರ್ ಮೂರರ ಮಾಡ್ಯೂಲ್‌ಗಳನ್ನೂ (ಒಳಗಿನ ಸಣ್ಣ ಕಂಪ್ಯೂಟರ್‌ಗಳನ್ನೂ) ಓದುವಂಥದ್ದು ಬೇಕು. ನೋಡಲು ಬರುವ ಮುಂಚೆ ಕೋಡ್ ಅಳಿಸಿರುವವರೂ ಇರುತ್ತಾರೆ. ಅದಕ್ಕೆ ಓಡಿಸುವ ಮೊದಲು ಒಮ್ಮೆ, ಓಡಿಸಿ ಬಂದ ಮೇಲೆ ಒಮ್ಮೆ ಓದಿಸಿ. ಮೊದಲು ಇಲ್ಲದ ಕೋಡ್ ಆಮೇಲೆ ಬಂದಿದ್ದರೆ ಉತ್ತರ ಸಿಕ್ಕಿತು. ಚಾಸಿಸ್ ನಂಬರ್ ಕೊಟ್ಟು ಬಾಕಿ ಇರುವ ರಿಕಾಲ್ ಇದೆಯಾ ಅಂತಲೂ ಕೇಳಿ. ಆ ಕೆಲಸಕ್ಕೆ ಸಾಮಾನ್ಯವಾಗಿ ದುಡ್ಡು ತಗೊಳ್ಳುವುದಿಲ್ಲ.

ಕೆಂಪು_ಡಿಕ್ಕಿ:
ಇಷ್ಟೆಲ್ಲಾ ನೋಡಬಲ್ಲ ಗ್ಯಾರೇಜ್ ಎಲ್ಲರಿಗೂ ಸಿಗಲ್ಲ ಅಣ್ಣ. ಕೊಳ್ಳುವ ಮೊದಲೇ ಹತ್ತಿರದ ಗ್ಯಾರೇಜಿಗೆ ಹೋಗಿ "ಈ ಕಾರಿನ 48 ವೋಲ್ಟ್ ಮಾಡ್ಯೂಲ್ ಓದಲು ನಿಮ್ಮಲ್ಲಿ ಆಗುತ್ತಾ" ಅಂತ ಕೇಳಿಬಿಡಿ. ಆಗಲ್ಲ ಅಂದರೆ ಪ್ರತಿ ಸಣ್ಣ ದೀಪಕ್ಕೂ ದೂರದ ಸರ್ವಿಸ್ ಸೆಂಟರ್‌ಗೆ ಹೋಗಬೇಕಾಗುತ್ತದೆ. ಅದನ್ನು ಒಪ್ಪಿಕೊಂಡೇ ಕೊಳ್ಳಿ.

ಹೊಸಗೇರು:
ಖಂಡಿತ. ಓನರ್ ಹತ್ತಿರ ಆಯಿಲ್ ಬಿಲ್‌ಗಳೆಲ್ಲಾ ಕೇಳಿದ್ದೇನೆ, ಕಳಿಸುತ್ತೇನೆ ಅಂದಿದ್ದಾರೆ. 12 ವೋಲ್ಟ್ ಲೋಡ್ ಟೆಸ್ಟ್‌ಗೂ ಒಪ್ಪಿದ್ದಾರೆ. ವಾರಂಟಿ ಪುಸ್ತಕದ ಆ ಪುಟವನ್ನೂ ಫೋಟೊ ತೆಗೆದು ಕಳಿಸಲು ಹೇಳಿದೆ. ಬಿಲ್‌ಗಳಲ್ಲಿ ಆಯಿಲ್ ಕೋಡ್ ಸರಿಹೊಂದದಿದ್ದರೆ ಬೇರೆ ಕಾರು ನೋಡುತ್ತೇನೆ. ಒಂದು ಕೊನೆ ಪ್ರಶ್ನೆ: ನಾವೂ ಆಗಾಗ ಊರು ಬಿಟ್ಟು ಹೋಗುತ್ತೇವೆ. ಕಾರು ಬಹಳ ದಿನ ನಿಂತರೆ ಕೆಂಪು ಡಿಕ್ಕಿ ಅವರಿಗೆ ಆದ ಹಾಗೆ ಆಗದಿರಲು ಏನು ಮಾಡಬೇಕು?

ವೈರಿಂಗ್_ಮಾಸ್ಟರ್:
ನಿಲ್ಲಿಸುವ ಮೊದಲು ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, 48 ವೋಲ್ಟ್ ಪ್ಯಾಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇರುವ ಹಾಗೆ ನೋಡಿಕೊಂಡು ಆಫ್ ಮಾಡಿ. 12 ವೋಲ್ಟ್ ಬ್ಯಾಟರಿಗೆ ಎಜಿಎಂ ಮೋಡ್ ಇರುವ ಮೇಂಟೇನರ್ ಚಾರ್ಜರ್ ಹಾಕಿಡಬಹುದು. ಆದರೆ ಅದರಿಂದ ಹೆಚ್ಚಿನ ಕಾರುಗಳಲ್ಲಿ 48 ವೋಲ್ಟ್ ಪ್ಯಾಕ್ ತುಂಬುವುದಿಲ್ಲ. ಅದು ತುಂಬುವುದು ಎಂಜಿನ್ ಓಡಿದಾಗ ಮಾತ್ರ. ಹಾಗಾಗಿ ಯಾರಾದರೂ ನಂಬಿಕಸ್ಥರ ಕೈಗೆ ಕೀ ಕೊಟ್ಟು ಹೋಗಿ, ಆಗಾಗ ಒಂದು ಸುತ್ತು ಓಡಿಸಲು ಹೇಳಿ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿಕೊಂಡು ಆಫ್ ಮಾಡಿದರೆ ಆಯಿಲ್‌ಗೆ ಪೆಟ್ರೋಲ್ ಬೆರೆಯುವುದೇ ಲಾಭ. ಎಂಜಿನ್ ಬಿಸಿಯಾಗುವಷ್ಟು ಓಡಿಸಬೇಕು. ಕೀಲಿ ಇಲ್ಲದೆ ತೆರೆಯುವ ಕಾರಾದರೆ ರಿಮೋಟನ್ನು ಕಾರಿನ ಹತ್ತಿರ ಇಡಬೇಡಿ. ಅದು ಪಕ್ಕದಲ್ಲೇ ಇದ್ದರೆ ಕೆಲವು ಕಾರುಗಳು ಪೂರ್ತಿ ನಿದ್ದೆಗೆ ಹೋಗದೆ 12 ವೋಲ್ಟ್ ತಿನ್ನುತ್ತಲೇ ಇರುತ್ತವೆ.